ಆ ಹುಡುಗನ ಹೆಸರೇನು, ಮಿಸ್?

ಭಾನುವಾರ ಮಧ್ಯಾಹ್ನ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ನಮ್ಮವರು ಒಂದು ನಿದ್ದೆಗೆ ಅಡ್ಡಾದ ಮೇಲೆ ನನಗೆ ಎರಡು ಗಂಟೆಯ ಬಿಡುವು ಸಿಗುತ್ತದೆ. ಅದು ನನ್ನ ಸ್ವಂತ ಆಸ್ತಿ. ಆ ಹೊತ್ತಿನಲ್ಲಿ ಪಕ್ಕದ ಮನೆಯಾಕೆ ನಾಲ್ಕು ಎಸಳು ಕರಿಬೇವಿಗೋ, ಹೆಪ್ಪಿಗೆ ಒಂದು ಚಮಚ ಮೊಸರಿಗೋ ಬಂದರೆ ಬಾಗಿಲಲ್ಲೇ ನಿಂತು, "ಏನ್ ಮಿಸ್, ಇವತ್ತೂ ರಷ್ಯಾಕ್ಕೆ ಹೋಗ್ಬಿಟ್ಟಿದ್ದೀರಾ?" ಎಂದು ನಗುತ್ತಾರೆ.

ನನ್ನ ಈ ಚಟ ನಮ್ಮ ಬೀದಿಗೆಲ್ಲ ಗೊತ್ತು. ಬೇರೆಯವರು ಧಾರಾವಾಹಿ ನೋಡುತ್ತಾರೆ, ಕಾದಂಬರಿ ಓದುತ್ತಾರೆ. ನಾನು ರಷ್ಯಾದ ಕ್ರಾಂತಿಯ ಚರಿತ್ರೆ ಓದುತ್ತೇನೆ. ಪಾಠ ಮಾಡುವುದಕ್ಕಲ್ಲ. ಪಠ್ಯಪುಸ್ತಕದಲ್ಲಿ ಆ ಕ್ರಾಂತಿಗೆ ಸಿಕ್ಕಿರುವುದು ಕೆಲವೇ ಪ್ಯಾರಾ. ಅಷ್ಟಕ್ಕೆ ಗೈಡೇ ಸಾಕು. ನಾನು ಕಮ್ಯುನಿಸ್ಟಳೂ ಅಲ್ಲ. ಶುಕ್ರವಾರ ತಪ್ಪದೆ ದೇವಸ್ಥಾನಕ್ಕೆ ಹೋಗುವವಳು. ಸುಮ್ಮನೆ, ಖುಷಿಗಾಗಿ ಓದುತ್ತೇನೆ. ಈ 'ಖುಷಿ' ಎಂಬ ಮಾತೇ ಒಂದು ದಿನ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಕತೆಯನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಚಟ ಹತ್ತಿದ್ದು ಚಿಕ್ಕಂದಿನಲ್ಲಿ. ಆಗ ಶಾಲೆ ಪುಸ್ತಕಗಳಿಗೆ ಬೈಂಡು ಹಾಕಲು 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಾಳೆಗೆ ಎಲ್ಲಿಲ್ಲದ ಬೇಡಿಕೆ. ನುಣುಪಾದ ದಪ್ಪ ಕಾಗದ, ತುಂಬಾ ಬಣ್ಣದ ಚಿತ್ರ. ನನ್ನ ಗಣಿತದ ಪುಸ್ತಕದ ಮೇಲೆ ತಲೆಗೆ ವಸ್ತ್ರ ಕಟ್ಟಿಕೊಂಡು ಟ್ರ್ಯಾಕ್ಟರ್ ಓಡಿಸುತ್ತಿದ್ದ ಒಬ್ಬ ಹೆಂಗಸು ವರ್ಷವಿಡೀ ನಗುತ್ತಿದ್ದಳು. ಸೈಕಲ್ ಹೊಡೆಯುವುದಕ್ಕೂ ಅಪ್ಪನ ಅಪ್ಪಣೆ ಬೇಕಿದ್ದ ನನಗೆ ಅವಳನ್ನು ನೋಡಿದಷ್ಟೂ ಸಾಲದು. ಹೈಸ್ಕೂಲಿನಲ್ಲಿ ಗಾರ್ಕಿಯ 'ತಾಯಿ' ಕಾದಂಬರಿ ನಿರಂಜನರ ಕನ್ನಡದಲ್ಲಿ ಸಿಕ್ಕಿತು. ಬಿ.ಎ.ಗೆ ಚರಿತ್ರೆ ತೆಗೆದುಕೊಂಡೆ. ನಾನು ಡಿಗ್ರಿ ಮುಗಿಸಿದ 1991ರಲ್ಲೇ, ಆ ವರ್ಷದ ಕೊನೆಯಲ್ಲಿ, ಸೋವಿಯತ್ ಒಕ್ಕೂಟ ಎಂಬುದೇ ಇಲ್ಲವಾಯಿತು. ದೇಶ ಹೋದರೂ ನನ್ನ ಚಟ ಹೋಗಲಿಲ್ಲ.

ಆ ಚರಿತ್ರೆಯಲ್ಲಿ ಖುಷಿ ಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಮೊದಲನೆಯದಾಗಿ, ಅದು ದೊಡ್ಡ ಅವಿಭಕ್ತ ಕುಟುಂಬದ ಕತೆಯ ಹಾಗಿದೆ. ಎಲ್ಲರಿಗೂ ಎಲ್ಲರೂ ಎಲ್ಲೋ ಒಂದು ಕಡೆ ನಂಟು. ಒಂದು ಉದಾಹರಣೆ ಕೊಡುತ್ತೇನೆ. ವೋಲ್ಗಾ ನದಿಯ ದಂಡೆಯ ಸಿಂಬಿರ್ಸ್ಕ್ ಊರಿನ ಪ್ರೌಢಶಾಲೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರಿದ್ದರು. 1887ರಲ್ಲಿ ಅವರ ಶಾಲೆಯ ಜಾಣ ಹುಡುಗನೊಬ್ಬ ಕೊನೆಯ ಪರೀಕ್ಷೆ ಬರೆಯುತ್ತಿದ್ದ ದಿನಗಳಲ್ಲೇ ಅವನ ಅಣ್ಣನನ್ನು ಚಕ್ರವರ್ತಿಯ ಕೊಲೆಯ ಸಂಚಿಗಾಗಿ ಗಲ್ಲಿಗೇರಿಸಿದರು. ಅಂಥ ಮನೆಯ ಹುಡುಗ ಎಂದು ದೂರ ಇಡದೆ ಮುಖ್ಯೋಪಾಧ್ಯಾಯರು ಅವನಿಗೆ ಒಳ್ಳೆಯ ನಡತೆಯ ಪತ್ರ ಬರೆದುಕೊಟ್ಟರು. ಆ ಹುಡುಗ ಲೆನಿನ್. ಮುಖ್ಯೋಪಾಧ್ಯಾಯರ ಹೆಸರು ಫ್ಯೋದರ್ ಕೆರೆನ್‌ಸ್ಕಿ. ಮೂವತ್ತು ವರ್ಷ ಕಳೆದ ಮೇಲೆ, 1917ರಲ್ಲಿ, ಲೆನಿನ್ನನ ಪಕ್ಷ ಉರುಳಿಸಿದ್ದು ಅದೇ ಮುಖ್ಯೋಪಾಧ್ಯಾಯರ ಮಗ ಅಲೆಕ್ಸಾಂಡರ್ ಕೆರೆನ್‌ಸ್ಕಿಯ ಸರ್ಕಾರವನ್ನು! ಮೂವತ್ತು ವರ್ಷದಿಂದ ಮಕ್ಕಳಿಗೆ ನಡತೆಯ ಪತ್ರ ಬರೆದುಕೊಡುತ್ತಿರುವ ನನ್ನಂಥವಳು ಇದನ್ನು ಓದಿ ಪುಸ್ತಕ ಕೆಳಗಿಡುವುದು ಹೇಗೆ?

ಹೀಗೆ ಒಂದು ರಜೆಯಲ್ಲಿ ನಾನು ಮೈಮರೆತು ಓದುತ್ತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ನನ್ನ ನಾದಿನಿಯ ಮಗಳು ಪುಸ್ತಕದ ಮೇಲೆ ಬಗ್ಗಿ ನೋಡಿದಳು. ಅದು 1921–22ರ ಬರದ ಅಧ್ಯಾಯ. ಯುದ್ಧ, ಅಂತರ್ಯುದ್ಧ, ರೈತರ ಕಣಜದಿಂದ ಧಾನ್ಯ ಕಿತ್ತುಕೊಂಡದ್ದು, ಮೇಲೆ ಮಳೆಯೂ ಕೈಕೊಟ್ಟದ್ದು ಎಲ್ಲ ಸೇರಿ ಸುಮಾರು 50 ಲಕ್ಷ ಜನ ಸತ್ತರೆಂದು ಲೆಕ್ಕ. ನನ್ನ ಪಕ್ಕದಲ್ಲಿ ಒಂದು ತಟ್ಟೆ ಕೋಡುಬಳೆ ಇತ್ತು. "ಅತ್ತೆ, ಇಷ್ಟೊಂದು ಜನ ಸತ್ತಿರೋದನ್ನ ಕೋಡುಬಳೆ ತಿಂತಾ ಓದ್ತೀರಲ್ಲ, ನಿಮಗೇನೂ ಅನ್ಸಲ್ವಾ?" ಎಂದಳು. ಹುಡುಗಿ ಕುಹಕದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದಳು.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಾನು ಆ ಬೆಕ್ಕೇ? ಕೋಡುಬಳೆ ತಟ್ಟೆಯನ್ನು ಆಚೆ ಸರಿಸಿದೆ. ಆದರೆ ತಟ್ಟೆ ಸರಿಸಿದರೆ ಪ್ರಶ್ನೆ ಸರಿಯುತ್ತದೆಯೇ?

ಮೊದಲು ನನಗೆ ಹೊಳೆದ ಉತ್ತರ ನಮ್ಮ ಅಜ್ಜಿಯದು. ನಾವು ಚಿಕ್ಕವರಿದ್ದಾಗ ನಮ್ಮೂರ ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತದ ವಾಚನ ನಡೆಯುತ್ತಿತ್ತು. ಅಭಿಮನ್ಯುವಿನ ವಧೆಯ ದಿನ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುತ್ತಿದ್ದಳು. ಮನೆಗೆ ಬಂದು ಕಾಲು ತೊಳೆಯುತ್ತಾ, "ಇವತ್ತು ಬಲು ಚೆನ್ನಾಗಿತ್ತು" ಎನ್ನುತ್ತಿದ್ದಳು. ಅತ್ತದ್ದೂ ನಿಜ, ಚೆನ್ನಾಗಿದ್ದದ್ದೂ ನಿಜ. ದುಃಖದ ಕತೆಯಲ್ಲಿ ಸುಖ ಸಿಗುವುದು ನಮಗೆ ಹೊಸದೇನಲ್ಲ. ಕರುಣವನ್ನೂ ರಸವೆಂದೇ ಕರೆದ ಜನ ನಾವು. ಆದರೂ ನನ್ನ ಓದಿಗೂ ಅಜ್ಜಿ ಕೇಳಿದ್ದಕ್ಕೂ ಒಂದು ವ್ಯತ್ಯಾಸ ಇತ್ತು. ಅದು ಏನೆಂದು ತಿಳಿಯಲು ಮತ್ತೆರಡು ಘಟನೆ ನಡೆಯಬೇಕಾಯಿತು.

ಮೊದಲನೆಯದು ನನಗೆ ಹೆಮ್ಮೆ ತರುವಂಥದ್ದಲ್ಲ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಫೀಸು ಕಟ್ಟದ ಹುಡುಗಿಯೊಬ್ಬಳನ್ನು ಪ್ರಾರ್ಥನೆ ಮುಗಿದ ಮೇಲೂ ಮೈದಾನದಲ್ಲೇ ನಿಲ್ಲಿಸಿದರು. ಎರಡನೆಯ ಪಿರಿಯಡ್ಡಾಯಿತು, ಮೂರನೆಯದಾಯಿತು, ಬಿಸಿಲು ಏರಿತು. ಸ್ಟಾಫ್ ರೂಮಿನ ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು. ನಾವು ಐದು ಜನ ಶಿಕ್ಷಕಿಯರು ನೋಟ್‌ಪುಸ್ತಕ ತಿದ್ದುತ್ತಿದ್ದೆವು. "ಪಾಪ" ಎಂದು ಒಬ್ಬರು ಅಂದರು. ನಾನೂ ಅಂದೆ. ಅಷ್ಟೇ. ನನಗಿನ್ನೂ ಕೆಲಸ ಕಾಯಂ ಆಗಿರಲಿಲ್ಲ, ಮನೆ ಸಾಲದ ಕಂತು ಇತ್ತು, ಇತ್ಯಾದಿ. ನೆಪಗಳಿಗೆ ಬರವೇ?

ಅವತ್ತು ರಾತ್ರಿ ನಾನು ಓದಿದ್ದು ವೇರಾ ಜಸುಲಿಚ್‌ಳ ಕತೆ. 1877ರ ಜುಲೈನಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದ ಅಧಿಕಾರಿ ಜನರಲ್ ತ್ರೆಪೋವ್ ಸೆರೆಮನೆಗೆ ಬಂದಾಗ, ಬೊಗೊಲ್ಯುಬೋವ್ ಎಂಬ ರಾಜಕೀಯ ಕೈದಿ ತಲೆಯ ಟೋಪಿ ತೆಗೆಯಲಿಲ್ಲವೆಂದು ಅವನಿಗೆ ಬಡಿಗೆಯೇಟು ಹಾಕಿಸಿದ. ವೇರಾಗೂ ಆ ಕೈದಿಗೂ ಪರಿಚಯವೇ ಇರಲಿಲ್ಲ. ಯಾರಾದರೂ ಕೇಳುತ್ತಾರೇನೋ ಎಂದು ತಿಂಗಳುಗಟ್ಟಲೆ ಕಾದಳು. ಯಾರೂ ಕೇಳಲಿಲ್ಲ. 1878ರ ಜನವರಿಯಲ್ಲಿ ಅರ್ಜಿ ಕೊಡುವವರ ಸಾಲಿನಲ್ಲಿ ನಿಂತು, ಶಾಲಿನೊಳಗಿಂದ ಪಿಸ್ತೂಲು ತೆಗೆದು ತ್ರೆಪೋವ್‌ನಿಗೆ ಗುಂಡು ಹಾರಿಸಿದಳು. ಓಡಿಹೋಗಲೂ ಇಲ್ಲ. ಅವನು ಬದುಕಿಕೊಂಡ. ವಿಚಾರಣೆಯಲ್ಲಿ ಗುಂಡು ಹಾರಿಸಿದ್ದನ್ನು ಅವಳೇ ಒಪ್ಪಿಕೊಂಡಳು. ಆದರೂ ಜ್ಯೂರಿಯವರು ಅವಳನ್ನು ನಿರ್ದೋಷಿ ಎಂದು ಬಿಟ್ಟುಬಿಟ್ಟರು! ಹೊರಗೆ ಜನರ ಜಯಕಾರ.

ಓದಿ ಮುಗಿಸಿದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎಂಥದೋ ಹಗುರ. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗೆ. ನಿದ್ದೆಯೂ ಚೆನ್ನಾಗಿ ಬಂತು. ಆ ನಿದ್ದೆಯ ಅರ್ಥ ನನಗಾದದ್ದು ಬಹಳ ತಡವಾಗಿ. ಗುಂಡು ಹಾರಿಸಿದವಳು ಅವಳು, ಲೆಕ್ಕ ಚುಕ್ತಾ ಆದದ್ದು ನನ್ನದು! ಮೈದಾನದಲ್ಲಿ ನಿಂತಿದ್ದ ಹುಡುಗಿಯ ಪರವಾಗಿ ಒಂದು ಮಾತನ್ನೂ ಆಡದ ನಾನು, ನೂರು ವರ್ಷಕ್ಕೂ ಹಿಂದಿನ ಒಬ್ಬಳ ಧೈರ್ಯವನ್ನು ಸಾಲ ತಂದು, ಅದನ್ನೇ ನನ್ನ ಧೈರ್ಯವೆಂದು ತಿಳಿದು ಮಲಗಿದ್ದೆ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಬೆಟ್ಟಕ್ಕೆ ಮಾತ್ರ ಹೇಳಿದ್ದಲ್ಲ. ದೂರದ ಧೈರ್ಯವೂ ನುಣ್ಣಗೇ.

ಎರಡನೆಯ ಘಟನೆ ಈಚಿನದು. ನಮ್ಮ ಪ್ರೌಢಶಾಲೆಯಲ್ಲಿ ಪಾಠ ಮುಗಿದು ಹತ್ತು ನಿಮಿಷ ಉಳಿದಿತ್ತು. "ಕತೆ ಹೇಳಿ ಮಿಸ್" ಎಂದು ಹೆಣ್ಣುಮಕ್ಕಳು ಗಂಟುಬಿದ್ದರು. ನನಗೆ ತುಂಬ ಇಷ್ಟವಾದ ಸೋಫಿಯಾ ಪೆರೋವ್‌ಸ್ಕಾಯಾಳ ಕತೆ ತೆಗೆದೆ. ಪೀಟರ್ಸ್‌ಬರ್ಗಿನ ಗವರ್ನರ್ ಆಗಿದ್ದವನ ಮಗಳು ಅವಳು. ಶ್ರೀಮಂತ ಮನೆ ಬಿಟ್ಟು ಬಂದು ಗುಪ್ತ ಸಂಘ ಸೇರಿದಳು. 1881ರ ಮಾರ್ಚ್ 1, ಆಗಿನ ರಷ್ಯಾದ ಪಂಚಾಂಗದ ಪ್ರಕಾರ. ಪೀಟರ್ಸ್‌ಬರ್ಗಿನ ಕಾಲುವೆಯ ಪಕ್ಕದ ರಸ್ತೆಯಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಸಾರೋಟು ಬರುತ್ತಿದೆ. ಸೋಫಿಯಾ ಕರವಸ್ತ್ರ ಬೀಸಿ ಸನ್ನೆ ಮಾಡುತ್ತಾಳೆ. ಹತ್ತೊಂಬತ್ತು ವರ್ಷದ ರಿಸಕೋವ್ ಮೊದಲ ಬಾಂಬು ಎಸೆಯುತ್ತಾನೆ. ಅದು ಚಕ್ರವರ್ತಿಗೆ ತಾಗುವುದಿಲ್ಲ. ಬೆಂಗಾವಲಿನ ಒಬ್ಬ ಕೊಸ್ಸಾಕ್ ಸವಾರನಿಗೂ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹುಡುಗನಿಗೂ ತಾಗುತ್ತದೆ. ಚಕ್ರವರ್ತಿ ಸಾರೋಟಿನಿಂದ ಇಳಿಯುತ್ತಾನೆ. ಅಷ್ಟರಲ್ಲಿ ಎರಡನೆಯ ಬಾಂಬು...

ತರಗತಿಯಲ್ಲಿ ಉಸಿರಿನ ಸದ್ದೂ ಇಲ್ಲ. ನಾನು ಇನ್ನೂ ಉಮೇದಿನಿಂದ ಮುಂದುವರಿಸಿದೆ. ಸೆರೆಮನೆಯಿಂದ ಸೋಫಿಯಾ ತನ್ನ ತಾಯಿಗೆ ಕಾಗದ ಬರೆದಳು. ನ್ಯಾಯಾಲಯಕ್ಕೆ ಹೋಗಬೇಕು, ಉಡುಪು ಸ್ವಲ್ಪ ಸರಿಮಾಡಿಕೊಳ್ಳಬೇಕು, ಒಂದು ಕಾಲರನ್ನೂ ಗುಂಡಿಯಿರುವ ಕೈಪಟ್ಟಿಗಳನ್ನೂ ಕೊಂಡುಕೊಡು ಎಂದು ಕೇಳಿದಳು. ಏಪ್ರಿಲ್ 3ರಂದು ನಾಲ್ವರು ಸಂಗಾತಿಗಳ ಜೊತೆ ಅವಳನ್ನು ಗಲ್ಲಿಗೇರಿಸಿದರು. ಅವಳಿಗೆ ಇಪ್ಪತ್ತೇಳು ವರ್ಷ. ಆ ಕಾಲರಿನ ಮಾತು ಬಂದಾಗೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ. ಅವತ್ತೂ ಆಯಿತು. ಮಕ್ಕಳೂ ಕಣ್ಣೊರೆಸಿಕೊಂಡರು.

ಆಗ ಕೊನೆಯ ಬೆಂಚಿನಿಂದ ಒಬ್ಬಳು ಎದ್ದು, "ಆ ಹುಡುಗನ ಹೆಸರೇನು, ಮಿಸ್?" ಎಂದಳು.

"ಯಾವ ಹುಡುಗ?" ಎಂದೆ ನಾನು.

"ದಾರೀಲಿ ಹೋಗ್ತಿದ್ನಲ್ಲ ಮಿಸ್, ಬಾಂಬ್ ತಾಗ್ತಲ್ಲ. ಅವನು ಬದುಕಿದ್ನಾ?"

ನನ್ನ ಬಾಯಿ ಕಟ್ಟಿತು. ಐದು ನಿಮಿಷದ ಹಿಂದೆ ನಾನೇ ಹೇಳಿದ ಹುಡುಗ ನನಗೇ ಮರೆತುಹೋಗಿದ್ದ! ಎಷ್ಟೋ ವರ್ಷದಿಂದ ಈ ಕತೆ ಓದುತ್ತಿದ್ದೇನೆ. ಕರವಸ್ತ್ರ ಗೊತ್ತು, ಕಾಲರು ಗೊತ್ತು, ಕೈಪಟ್ಟಿಯ ಗುಂಡಿ ಗೊತ್ತು. ಆ ಹುಡುಗ ಸತ್ತನೋ ಉಳಿದನೋ ಎಂದು ಒಮ್ಮೆಯೂ ನಿಂತು ನೋಡಿರಲಿಲ್ಲ. ಕೇಳಿದ ಹುಡುಗಿಯ ಅಣ್ಣ ಓದು ಬಿಟ್ಟು, ಪೇಟೆಯ ಅಂಗಡಿಯೊಂದರಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸಕ್ಕೆ ಸೇರಿದ್ದಾನೆಂದು ಆಮೇಲೆ ತಿಳಿಯಿತು. ಅವಳು ಕತೆ ಕೇಳುವಾಗ ಕಣ್ಣಿಗೆ ಬಿದ್ದವನು ಚಕ್ರವರ್ತಿಯಲ್ಲ, ಸೋಫಿಯಾಳೂ ಅಲ್ಲ.

ಮನೆಗೆ ಬಂದು ಹುಡುಕಿದೆ. ಮಗಳು ಮೊಬೈಲಿನಲ್ಲಿ ಸಹಾಯ ಮಾಡಿದಳು. ಅವನ ಹೆಸರು ನಿಕೊಲಾಯ್. ರೈತರ ಮನೆಯ ಹುಡುಗ. ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದ. ವಯಸ್ಸು 14. ಬದುಕಲಿಲ್ಲ. ಮರುದಿನ ತರಗತಿಗೆ ಹೋಗಿ ಅಷ್ಟನ್ನೂ ಹೇಳಿದೆ. ಹದಿನಾಲ್ಕು ಎಂದಾಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ವಯಸ್ಸೂ ಅಷ್ಟೇ.

ಅಲ್ಲಿಂದಾಚೆಗೆ ನನ್ನ ಓದು ಬದಲಾಯಿತು. ಹಳೆಯ ಪುಸ್ತಕಗಳನ್ನೇ ಮತ್ತೆ ತೆಗೆದೆ. ಯಾರು ಕಣ್ಣಿಗೆ ಬೀಳದೆ ಹೋಗಿದ್ದರೋ ಅವರನ್ನು ಹುಡುಕತೊಡಗಿದೆ. ಸೋಫಿಯಾಳ ಜೊತೆಯಲ್ಲೇ ಮರಣದಂಡನೆಗೆ ಗುರಿಯಾದ ಗೆಸ್ಯಾ ಗೆಲ್ಫ್‌ಮನ್ ಗರ್ಭಿಣಿ ಎಂದು ಗಲ್ಲನ್ನು ತಡೆಹಿಡಿದಿದ್ದರು. ಸೆರೆಮನೆಯಲ್ಲೇ ಹೆತ್ತಳು. ಕೂಸನ್ನು ಕಸಿದುಕೊಂಡರು. 1882ರಲ್ಲಿ ಅವಳೂ ತೀರಿಕೊಂಡಳು. ಇಷ್ಟು ವರ್ಷ ಅವಳು ನನಗೆ ಒಂದು ಹೆಸರು ಮಾತ್ರ ಆಗಿದ್ದಳು. ಇನ್ನು, ಬಾಂಬಿಗೆ ಬಲಿಯಾದ ಚಕ್ರವರ್ತಿ 1861ರಲ್ಲಿ ಜೀತದ ರೈತರನ್ನು ಬಿಡುಗಡೆ ಮಾಡಿದವನು. ಸತ್ತ ದಿನ ಬೆಳಿಗ್ಗೆ ತಾನೇ, ಜನರ ಪ್ರತಿನಿಧಿಗಳ ಸಲಹೆ ಕೇಳುವ ಒಂದು ಸಣ್ಣ ಸುಧಾರಣೆಗೆ ಒಪ್ಪಿಗೆ ಕೊಟ್ಟಿದ್ದ. ಅವನ ಮಗ ಅದನ್ನು ಮೂಲೆಗೆ ಹಾಕಿದ. ಇದೂ ನಾನು ಹಿಂದೆ ಓದಿದ್ದೇ. ಆದರೆ ಓದಿಯೂ ಓದಿರಲಿಲ್ಲ.

1905ರ ಒಂದು ಕತೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಫೆಬ್ರವರಿ 2ರ ಸಂಜೆ ಮಾಸ್ಕೋದಲ್ಲಿ ಇವಾನ್ ಕಲ್ಯಾಯೆವ್ ಎಂಬ ತರುಣ ಚಕ್ರವರ್ತಿಯ ಚಿಕ್ಕಪ್ಪ ಸೆರ್ಗೈಯ ಸಾರೋಟಿಗೆ ಬಾಂಬು ಎಸೆಯಲು ಕೈಯೆತ್ತಿದ. ಒಳಗೆ ಸೆರ್ಗೈಯ ಹೆಂಡತಿ ಎಲಿಜಬೆತ್, ಅವನ ತಮ್ಮನ ಇಬ್ಬರು ಮಕ್ಕಳೂ ಇರುವುದು ಕಂಡಿತು. ಎತ್ತಿದ ಕೈ ಇಳಿಸಿದ. ಇಲ್ಲಿಗೇ ಕತೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಎರಡೇ ದಿನ ಬಿಟ್ಟು, ಸೆರ್ಗೈ ಒಬ್ಬನೇ ಇದ್ದಾಗ ಎಸೆದ. ಒಬ್ಬನೇ ಎಂದೆ ನೋಡಿ. ಸಾರೋಟು ಹೊಡೆಯುವವನು ಇದ್ದೇ ಇದ್ದನಲ್ಲ. ಅವನೂ ಗಾಯಗಳಿಂದ ಸತ್ತ. ಮಕ್ಕಳನ್ನು ಕಂಡು ಇಳಿದ ಕೈಗೂ ಕಾಣದವನು ಒಬ್ಬನಿದ್ದ.

ಗಂಡನ ಛಿದ್ರವಾದ ದೇಹವನ್ನು ಹಿಮದ ಮೇಲಿಂದ ತನ್ನ ಕೈಯಾರೆ ಆಯ್ದ ಎಲಿಜಬೆತ್ ಕೆಲವು ದಿನದಲ್ಲಿ ಸೆರೆಮನೆಗೆ ಹೋಗಿ ಕಲ್ಯಾಯೆವ್‌ನನ್ನು ಕಂಡಳು. ಪಶ್ಚಾತ್ತಾಪ ಪಡು ಎಂದು ಕೇಳಿಕೊಂಡಳು. ಒಂದು ದೇವರ ಪಟ ಕೊಟ್ಟಳು. ಅವನು ಪಟ ತೆಗೆದುಕೊಂಡ, ಪಶ್ಚಾತ್ತಾಪ ಪಡಲಿಲ್ಲ. ಅದೇ ವರ್ಷ ಅವನಿಗೆ ಗಲ್ಲಾಯಿತು. ಎಲಿಜಬೆತ್ ಒಡವೆಗಳನ್ನು ಬಿಟ್ಟು, ಮಾಸ್ಕೋದಲ್ಲಿ ಒಂದು ಆಶ್ರಮ ಕಟ್ಟಿ, ಬಡವರ ಶುಶ್ರೂಷೆಗೆ ನಿಂತಳು. 1918ರ ಜುಲೈನಲ್ಲಿ ಬೋಲ್ಷೆವಿಕರು ಅವಳನ್ನು ಉರಾಲ್ ಸೀಮೆಯ ಅಲಪಾಯೆವ್‌ಸ್ಕ್ ಬಳಿ ಹಾಳು ಗಣಿಯೊಳಕ್ಕೆ ತಳ್ಳಿ ಕೊಂದರು. ಇಲ್ಲಿ ನಾನು ಯಾರ ಪಕ್ಷ ಹಿಡಿಯಲಿ? ಕೈಯಿಳಿಸಿದ ತರುಣನದೇ? ಕೊಂದವನನ್ನು ನೋಡಹೋದ ಹೆಂಗಸಿನದೇ? ಹೆಸರಿಲ್ಲದೆ ಸತ್ತ ಸಾರೋಟಿನವನದೇ?

ಹಾಗೆಂದು ಕ್ರಾಂತಿ ಮಾಡಿದವರೆಲ್ಲ ದುಷ್ಟರು, ಸುಮ್ಮನಿದ್ದವರೆಲ್ಲ ಸಜ್ಜನರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಟೋಪಿ ತೆಗೆಯದ್ದಕ್ಕೆ ಬಡಿಗೆಯೇಟು ಹಾಕಿಸುವ ರಾಜ್ಯವದು. 1917ರ ಕ್ರಾಂತಿಯನ್ನು ಶುರುಮಾಡಿದವರು ಹೆಂಗಸರು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಅವರ ಫೆಬ್ರವರಿ 23, ನಮಗೆ ಮಾರ್ಚ್ 8, ಮಹಿಳಾ ದಿನ. ರೊಟ್ಟಿಗಾಗಿ ಚಳಿಯಲ್ಲಿ ಸಾಲು ನಿಂತು ನಿಂತು ಸಾಕಾದ ಪೆಟ್ರೊಗ್ರಾದಿನ ಬಟ್ಟೆ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದರು. ಮುಂದೆ ಒಂದು ವಾರದಲ್ಲಿ ಚಕ್ರವರ್ತಿಯ ಪಟ್ಟವೇ ಹೋಯಿತು. ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆಯ ಡಬ್ಬ ಹಿಡಿದು ನಿಂತ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ರೊಟ್ಟಿ ಕೇಳಿದವರಿಗೆ ನಾಲ್ಕೈದು ವರ್ಷದಲ್ಲಿ ಸಿಕ್ಕಿದ್ದು ಆ ಬರ. ಕೈದಿಗಾಗಿ ಗುಂಡು ಹಾರಿಸಿದ ವೇರಾ ಜಸುಲಿಚ್ ಮುಂದೆ ಇಂಥ ಕೊಲೆಗಳ ದಾರಿಯನ್ನೇ ವಿರೋಧಿಸಿದಳು, ಬೋಲ್ಷೆವಿಕರು ಅಧಿಕಾರ ಹಿಡಿದದ್ದನ್ನೂ ಒಪ್ಪದೆ 1919ರಲ್ಲಿ ಕಣ್ಣು ಮುಚ್ಚಿದಳು. ಇಷ್ಟೂ ಒಂದೇ ಕತೆ. ಬೇಕಾದ ಪುಟ ಓದಿ ಬೇಡವಾದ ಪುಟ ಮಗುಚುವಂತಿಲ್ಲ.

ಈಗ ನನಗೆ ಅಜ್ಜಿಗೂ ನನಗೂ ಇದ್ದ ವ್ಯತ್ಯಾಸ ಗೊತ್ತಾಗಿದೆ. ಅಜ್ಜಿ ಅಭಿಮನ್ಯುವಿಗೆ ಅತ್ತಳು, ಕರ್ಣನಿಗೂ ಅತ್ತಳು, ಕೊನೆಗೆ ನೂರು ಮಕ್ಕಳ ಹೆಣ ನೋಡಿದ ಗಾಂಧಾರಿಗೂ ಅತ್ತಳು. ಅವಳ ಸುಖದಲ್ಲಿ ಎಲ್ಲರಿಗೂ ಜಾಗವಿತ್ತು. ನನ್ನದರಲ್ಲಿ ನನಗೆ ಬೇಕಾದವರಿಗೆ ಮಾತ್ರ ಇತ್ತು. ಓದಿ ಖುಷಿಪಡುವುದು ತಪ್ಪಲ್ಲ ಎಂದೇ ಈಗಲೂ ನನ್ನ ನಂಬಿಕೆ. ಖುಷಿಯಿಲ್ಲದಿದ್ದರೆ ನಾನು ಆ ಪುಸ್ತಕಗಳನ್ನು ಮುಟ್ಟುತ್ತಲೇ ಇರಲಿಲ್ಲ; ನಿಕೊಲಾಯ್ ಎಂಬ ಹುಡುಗನ ಹೆಸರು ಈ ಊರಿನ ಒಂದು ತರಗತಿಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ತಪ್ಪಿರುವುದು, ಖುಷಿ ಕೆಡುತ್ತದೆಂದು ಕೆಲವರನ್ನು ಹೊರಗೆ ನಿಲ್ಲಿಸುವುದರಲ್ಲಿ. ಮೈದಾನದಲ್ಲಿ ಆ ಹುಡುಗಿಯನ್ನು ನಿಲ್ಲಿಸಿದ ಹಾಗೆ.

ಆ ಹುಡುಗಿ ಈಗ ಎಲ್ಲಿದ್ದಾಳೋ. ಅವಳ ಬಾಕಿ ತೀರಿಸಲು ನನಗೆ ದಾರಿಯಿಲ್ಲ. ಹೋದ ವರ್ಷ ಬೇರೊಂದು ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ಕಂಡು, ನೇರವಾಗಿ ದೊಡ್ಡವರ ಕೋಣೆಗೆ ಹೋಗಿ, "ಸಾರ್, ಅವಳು ಒಳಗೆ ಕೂರಲಿ" ಎಂದೆ. ಧ್ವನಿ ನಡುಗಿತು, ಅಂಗೈ ಬೆವರಿತು. ಅವರು ಒಂದು ಕ್ಷಣ ಕನ್ನಡಕದ ಮೇಲಿಂದ ನೋಡಿ, "ಆಯ್ತು ಹೋಗಿ" ಎಂದರು. ಇಷ್ಟೇನಾ! ಇಷ್ಟಕ್ಕೆ ನಾನು ಇಷ್ಟು ವರ್ಷ ಹೆದರಿದ್ದೆನೇ? ಆ ಮೇಲಿನ ವಾರದಿಂದ ಟೈಂಟೇಬಲ್ಲಿನಲ್ಲಿ ನನಗೆ ಕೊನೆಯ ಪಿರಿಯಡ್ಡುಗಳೇ ಹೆಚ್ಚಾಗಿ ಬಿದ್ದವು ಎಂಬುದೂ ನಿಜ. ಇರಲಿ. ಅವಳು ಒಳಗೆ ಕೂತಳು.

ಅವತ್ತು ರಾತ್ರಿ ನಾನು ರಷ್ಯಾಕ್ಕೆ ಹೋಗಲಿಲ್ಲ. ದಣಿವಾಗಿತ್ತು, ಬೇಗ ಮಲಗಿದೆ. ಭಾನುವಾರ ಮಧ್ಯಾಹ್ನ ಮತ್ತೆ ಪುಸ್ತಕ ತೆಗೆದೆ. ಕೋಡುಬಳೆ ತಟ್ಟೆಯೂ ಪಕ್ಕದಲ್ಲಿತ್ತು, ಸುಳ್ಳೇಕೆ ಹೇಳಲಿ?